ಬಾವಿಯ ಮೇಲಿನ ಒಂದು ಮೊಳ ನೀರು

ಸಮುದ್ರವನ್ನು ನಾನು ನವಲಗುಂದ ತಾಲೂಕಿಗೆ ಬಸ್ಸಿನ ಟಾಪಿನ ಮೇಲೆ ಕಟ್ಟಿ ತಂದೆ. ನಾಲ್ಕೂ ಬದಿಗೆ ಗಾಜು, ಮೂಲೆಗಳಿಗೆ ತಗಡಿನ ಪಟ್ಟಿ, ಸಂದಿಗಳಿಗೆ ಡಾಂಬರು ಮೆತ್ತಿದ ಒಂದು ತೊಟ್ಟಿ ಅದು. ಒಡೆಯಬಾರದೆಂದು ಹಳೆಯ ಜಮಖಾನ ಸುತ್ತಿ ಹಗ್ಗ ಬಿಗಿದಿದ್ದೆ. "ಒಳಗೇನೈತ್ರಿ?" ಎಂದು ಕಂಡಕ್ಟರ್ ಕೇಳಿದ. "ಸಮುದ್ರ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾರ್ಮೋನಿಯಂ ಲೆಕ್ಕದಲ್ಲಿ ಲಗೇಜಿನ ಟಿಕೇಟು ಹರಿದ.

ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸುವ ಕೆಲಸದ ಒಂದು ಕಚೇರಿಯಲ್ಲಿ ಆಗ ನಾನಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಯಾವ ವರ್ಷ ಎಂದು ಬರೆಯುವುದಿಲ್ಲ. ಬರೆದರೆ ನನಗೆ ಎಲ್ಲವೂ ಸರಿಯಾಗಿ ನೆನಪಿದೆ ಎಂಬ ಭ್ರಮೆ ನಿಮಗೂ ಹುಟ್ಟೀತು, ನನಗೂ ಹುಟ್ಟೀತು. ಉಪನ್ಯಾಸದ ವಿಷಯಗಳನ್ನು ಹಂಚುವಾಗ ಹತ್ತಿಯ ರೋಗ, ಕೂಸುಗಳ ಆಹಾರ, ಗ್ರಹಣ ಎಲ್ಲವೂ ಹಿರಿಯರ ಪಾಲಾಗಿ ನನಗೆ ಉಳಿದದ್ದು 'ಸಾಗರದ ಉಪ್ಪುನೀರು: ಹುಟ್ಟು, ಇಳಿತ, ಏರುಪೇರು'. ನಾನು ಮುಖ್ಯಸ್ಥರ ಮುಂದೆ ನಿಂತು, "ಸರ್, ನವಲಗುಂದದಿಂದ ಸಮುದ್ರ ಭಾಳ ದೂರ" ಎಂದೆ.

"ಅದಕ್ಕೇ ಅವರಿಗೆ ಹೇಳಬೇಕಾಗೇದ" ಎಂದರು ಅವರು, ತಲೆ ಎತ್ತದೆ. "ಕಾರವಾರದವರಿಗೆ ಯಾಕ ಹೇಳ್ತೀರಿ? ಅವರಿಗೆ ಕಾಣಸ್ತದಲ್ಲ."

ಹೀಗೆ ನಾನು ಎರೆಮಣ್ಣಿನ ಊರುಗಳಲ್ಲಿ ಅರಬ್ಬೀ ಸಮುದ್ರದ ಬಗ್ಗೆ ಮಾತಾಡುತ್ತ ತಿರುಗತೊಡಗಿದೆ. ಹೇಳಬೇಕಾದದ್ದು ಹೆಚ್ಚೇನಿರಲಿಲ್ಲ. ಅರಬ್ಬೀ ಸಮುದ್ರದ ಉತ್ತರದ ತುದಿಯಲ್ಲಿ ಮಳೆ ಕಡಿಮೆ, ಒಣಗಾಳಿ ಹೆಚ್ಚು. ಗಾಳಿ ನೀರನ್ನು ಹೀರಿಕೊಂಡು ಹೋಗುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಆದರೆ ಉಪ್ಪು ಹೆಚ್ಚಾಯಿತೆಂದ ಮಾತ್ರಕ್ಕೆ ನೀರು ಮುಳುಗುವುದಿಲ್ಲ. ಬಿಸಿಯಾಗಿರುವ ತನಕ ಅದು ಮೇಲೆಯೇ ಇರಬಲ್ಲದು. ಚಳಿಗಾಲ ಬಂದು ಉತ್ತರದ ತಂಪು ಗಾಳಿ ಅದರ ಬಿಸಿ ಇಳಿಸಿದಾಗ ಭಾರವಾಗಿ ಕೆಳಗೆ ಇಳಿಯುತ್ತದೆ. ಇಳಿದು, ತನಗಿಂತ ಹಗುರವಾದ ನೀರಿನ ಅಡಿಗೆ ನುಸುಳಿ ದಕ್ಷಿಣಕ್ಕೆ ಹರಡುತ್ತದೆ. ಚಳಿ ಜೋರಾದ ವರ್ಷ ಹೆಚ್ಚು ನೀರು ಇಳಿಯುತ್ತದೆ, ಚಳಿ ಸೋತ ವರ್ಷ ಕಡಿಮೆ. ಉಪ್ಪು ಮತ್ತು ತಂಪು, ಈ ಎರಡರ ಜಗಳ. ಇಷ್ಟನ್ನು ತೋರಿಸಲು ಗಾಜಿನ ತೊಟ್ಟಿ, ಒಂದು ರಬ್ಬರ್ ನಳಿಗೆ, ಒಂದು ಥರ್ಮಾಮೀಟರು, ಉಪ್ಪುನೀರಿಗೆ ಬಣ್ಣ ಬರಲು ಬಟ್ಟೆಗೆ ಹಾಕುವ ನೀಲಿ. ಜನ ಬರುತ್ತಿದ್ದರು, ನೋಡುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಯಾವ ಊರಿನಲ್ಲಿಯೂ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಇದು ನನ್ನನ್ನು ಎಷ್ಟು ಕೊರೆಯುತ್ತಿತ್ತೆಂದರೆ, ಮುಂದೆ ನಡೆದದ್ದಕ್ಕೆ ನಾನು ಕೊಡಬಲ್ಲ ಒಂದೇ ಸಮಜಾಯಿಷಿ ಅದು.

ಆ ಊರಿನಲ್ಲಿ ನಾನು ಇಳಿದದ್ದು ಪ್ರಾಥಮಿಕ ಶಾಲೆಯ ಮಾಸ್ತರರ ಮನೆಯಲ್ಲಿ. ಮೂವತ್ತು ದಾಟಿದ, ಮೆಲುಮಾತಿನ ಮನುಷ್ಯ. ಮನೆಯಲ್ಲಿ ಅವರ ಅವ್ವ, ಮತ್ತು ತೀರಿಹೋದ ಅಪ್ಪನ ತಮ್ಮ, ಊರೆಲ್ಲ 'ಕಾಕಾ' ಎಂದು ಕರೆಯುವ ಯಜಮಾನ. ಕಾಕಾನ ಕೈಯಲ್ಲಿ ಹೊಲ, ಎತ್ತು, ಚಕ್ಕಡಿ, ಮತ್ತು ಮಾಸ್ತರರ ಮದುವೆ ಮಾಡಿಸುವ ಜವಾಬ್ದಾರಿ.

ಪ್ರಯೋಗ ಶಾಲೆಯ ಕಟ್ಟೆಯ ಮೇಲೆ. ಅಂದು ಎಲ್ಲವೂ ಕೈಕೊಟ್ಟಿತು. ಉಪ್ಪಿನ ಪೊಟ್ಟಣ ಬಸ್ಸಿನಲ್ಲಿ ಹರಿದು ಅರ್ಧಕ್ಕಿಂತ ಹೆಚ್ಚು ಚೆಲ್ಲಿತ್ತು. ಉಳಿದದ್ದನ್ನೇ ಕರಗಿಸಿ ನೀಲಿ ಹಾಕಿ, ತಗಡಿನ ಡಬ್ಬಿಯನ್ನು ಬಿಸಿಲಲ್ಲಿ ಮರೆತುಬಿಟ್ಟಿದ್ದೆ. ತೊಟ್ಟಿಗೆ ಹಾಕಿದ ಸಿಹಿನೀರು ಮಣ್ಣಿನ ಹರವಿಯದು, ಹಲ್ಲು ಜುಮ್ಮೆನ್ನುವಷ್ಟು ತಂಪು. "ಈಗ ನೋಡಿ, ಉಪ್ಪಿನ ನೀರು ತಳಕ್ಕೆ ಇಳಿಯುತ್ತದೆ" ಎಂದು ಘೋಷಿಸಿ ಸುರಿದೆ. ನೀಲಿ ನೀರು ಹಾಸಿಗೆಯಂತೆ ಮೇಲೆ ಹರಡಿಕೊಂಡು ಆರಾಮಾಗಿ ಮಲಗಿತು.

ಜನ ಕಾಯ್ದರು. ನಾನೂ ಕಾಯ್ದೆ.

"ಇಳೀವಲ್ದಲ್ರಿ" ಎಂದ ಒಬ್ಬ.

"ಪ್ಯಾಟಿ ಉಪ್ಪು ಅದು. ಹಳ್ಳಿ ನೀರಾಗ ಇಳ್ಯಾಕ ಒಲ್ಲೆ ಅಂತೈತಿ" ಎಂದ ಇನ್ನೊಬ್ಬ. ಕಟ್ಟೆಯೆಲ್ಲ ನಕ್ಕಿತು. ನಾನು ಬಿಸಿ, ತಂಪು ಎಂದು ಏನೇನೋ ವಿವರಿಸುವಷ್ಟರಲ್ಲಿ ಜನ ದನ ಕಟ್ಟಲು ಎದ್ದರು.

ಬಿಸಿಲು ಇಳಿಯಿತು. ಕಟ್ಟೆಯ ಮೇಲೆ ಉಳಿದವರು ನಾನು, ಮಾಸ್ತರರು, ತಂಬಾಕು ತಿಕ್ಕುತ್ತ ಕೂತಿದ್ದ ಕಾಕಾ. ಆಗ ಮೇಲಿನ ನೀಲಿ ಹಾಸಿಗೆಯಿಂದ ಒಂದು ಎಳೆ ಕೆಳಗೆ ಜಾರಿತು. ಇನ್ನೊಂದು. ನೋಡನೋಡುತ್ತಿದ್ದಂತೆ ಹತ್ತಾರು ನೀಲಿ ಬೆರಳುಗಳು, ಯಾರೋ ಮೇಲಿಂದ ಕೈ ಇಳಿಬಿಟ್ಟಂತೆ, ತಳದ ಕಡೆಗೆ ಇಳಿಯತೊಡಗಿದವು. ಬಿಸಿ ಆರಿತ್ತು, ಉಪ್ಪಿನ ಭಾರ ಗೆದ್ದಿತ್ತು. ಸಮುದ್ರದಲ್ಲಿ ಚಳಿಗಾಲ ಮಾಡುವ ಕೆಲಸ ನನ್ನ ತೊಟ್ಟಿಯಲ್ಲಿ ಇಷ್ಟು ಚೆಂದವಾಗಿ ಎಂದೂ ಆಗಿರಲಿಲ್ಲ, ನೋಡಲು ಊರು ಮಾತ್ರ ಇರಲಿಲ್ಲ. ಉಮೇದಿನಲ್ಲಿ ನಾನು ತೊಟ್ಟಿ ಬರಿದು ಮಾಡಿ ಹೊಸ ಸಿಹಿನೀರು ತುಂಬಿ, ಡಬ್ಬಿಯಲ್ಲಿ ಉಳಿದು ಆರಿದ್ದ ಉಪ್ಪುನೀರನ್ನು ನಳಿಗೆಯಿಂದ ಮೆಲ್ಲಗೆ ತಳಕ್ಕೆ ಬಿಟ್ಟೆ. ಕೆಳಗೆ ನೀಲಿ, ಮೇಲೆ ಕನ್ನಡಿಯಂಥ ನೀರು, ನಡುವೆ ಗೆರೆ ಎಳೆದಂತೆ ಅಂಚು.

ಕಾಕಾ ತಂಬಾಕು ಉಗುಳಿ ಹತ್ತಿರ ಬಂದ. ಮೇಲಿನ ನೀರಿಗೆ ಕಿರುಬೆರಳು ಅದ್ದಿ ನೆಕ್ಕಿದ. ತೋಳು ಮಡಿಸಿ ತಳಕ್ಕೆ ಕೈ ಹಾಕಿ, ಅದನ್ನೂ ನೆಕ್ಕಿದ.

"ಸಾಹೇಬ್ರ, ಇದು ಹಿಂಗ ಎಷ್ಟೊತ್ತು ನಿಲ್ಲತೈತ್ರಿ?"

ನನ್ನ ಉಪನ್ಯಾಸ ಜೀವನದ ಮೊದಲ ಪ್ರಶ್ನೆ! ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. "ಕದಡದೇ ಬಿಟ್ಟರೆ ಎಷ್ಟೋ ಹೊತ್ತು. ಬಂಗಾಳ ಕೊಲ್ಲಿಯಲ್ಲಿ ನದಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತಿಂಗಳುಗಟ್ಟಲೆ ಹಾಸಿಕೊಂಡಿರುತ್ತದೆ" ಎಂದೆ.

"ಬಂಗಾಳ ಇರಲಿ. ಬಾವ್ಯಾಗ?"

ಮಾಸ್ತರರು ತಲೆ ತಗ್ಗಿಸಿದರು. ಆ ತಲೆ ಯಾಕೆ ತಗ್ಗಿತೆಂದು ಊಟಕ್ಕೆ ಕೂತಾಗ ತಿಳಿಯಿತು.

ಆ ಊರಿನ ಬಾವಿಗಳೆಲ್ಲ ಸವಳು, ಕುಡಿಯಲಾರದಷ್ಟು ಉಪ್ಪು. ಕುಡಿಯುವ ನೀರು ಊರಾಚೆಯ ಕೆರೆಯಿಂದ ಬರಬೇಕು, ಹೆಣ್ಣುಮಕ್ಕಳ ತಲೆಯ ಮೇಲೆ ಬರಬೇಕು. ಹಾಗಾಗಿ ಹೊರಗಿನವರು ಆ ಊರಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ಊರು ಇದಕ್ಕೊಂದು ರೂಢಿ ಮಾಡಿಕೊಂಡಿತ್ತು: ಬೇರೆ ಕಡೆ ಬಂದವರಿಗೆ ಬೆಲ್ಲ, ನೀರು ಕೊಟ್ಟರೆ ಇಲ್ಲಿ ಮಜ್ಜಿಗೆ ಕೊಡುತ್ತಿದ್ದರು. ಮಜ್ಜಿಗೆ ಉಪ್ಪಿದ್ದರೆ ಯಾರು ಏನು ಕೇಳುತ್ತಾರೆ?

"ನನ್ನ ಲಗ್ನದ ಮಾತಿಗೆ ನಮ್ಮಪ್ಪ ಮನಿ ನೋಡಾಕ ಬಂದಾಗ ಗಡಿಗಿಗಟ್ಟಲೆ ಮಜ್ಜಿಗಿ ಕುಡಿಸಿದ್ರು" ಎಂದರು ಅವ್ವ, ರೊಟ್ಟಿ ಬಡಿಯುತ್ತ. "ನಮ್ಮಪ್ಪ ಊರಿಗೆ ಹೋಗಿ, 'ಅಗದಿ ಹೈನದ ಮನಿ ಐತಿ, ಹುಡುಗಿ ಸುಖದಾಗ ಇರ್ತಾಳ' ಅಂದ. ಬಂದು ನೋಡ್ತೀನಿ, ಮನ್ಯಾಗ ಒಂದು ಬರಡೆಮ್ಮಿ."

ಆದರೆ ಮಜ್ಜಿಗೆಯ ಗುಟ್ಟು ಈಗ ಸುತ್ತಲೂ ಹಬ್ಬಿತ್ತು. ಮಾಸ್ತರರಿಗೆ ಬಂದ ಸಂಬಂಧಗಳೆಲ್ಲ ಮಜ್ಜಿಗೆಯ ತಂಬಿಗೆ ಕಂಡೊಡನೆ ಎದ್ದು ಹೋಗಿದ್ದವು. ಈಗ ಒಂದು ಕೂಡಿಬಂದಿತ್ತು, ಕಲಘಟಗಿಯ ಆಚೆ ತಂಬೂರಿನ ಕಡೆಯವರು. ಹುಡುಗಿಯನ್ನು ಮಾಸ್ತರರು ನೋಡಿ ಬಂದಿದ್ದರು. ಅವಳ ಬಗ್ಗೆ ಕೇಳಿದಾಗ ಅವರು ಹೇಳಿದ್ದು, "ಆಕಿ ನನಗ ಒಂದು ಪ್ರಶ್ನೆ ಕೇಳಿದ್ಲು ಸರ್, ಹುಡುಗರಿಗೆ ಹೊಡೀತೀರೇನು ಅಂತ." ಆಮೇಲೆ ಬಹಳ ಹೊತ್ತು ಅವರು ತಾಟಿನಲ್ಲಿದ್ದ ರೊಟ್ಟಿ ಮುರಿಯಲೇ ಇಲ್ಲ. ಈ ಮನುಷ್ಯನಿಗೆ ಈ ಹುಡುಗಿಯೇ ಬೇಕು, ಬೇರೆ ಯಾರೂ ಬೇಡ ಎಂಬುದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ಸಂಬಂಧ ಗಟ್ಟಿ ಮಾಡುವ ಭರದಲ್ಲಿ ಕಾಕಾ ಹುಬ್ಬಳ್ಳಿಯ ಸಂತೆಯಲ್ಲಿ ಅವರ ಕಡೆಯವರಿಗೆ ಒಂದು ಮಾತು ಆಡಿಬಿಟ್ಟಿದ್ದ: "ಊರೆಲ್ಲ ಸವಳು ಇರಬಹುದು, ನಮ್ಮ ಹಿತ್ತಲ ಬಾವಿ ಸೀ ಐತಿ." ಅವರು ಮನೆ ನೋಡಲು ಬರುವ ದಿನ ಹತ್ತಿರವಾಗಿತ್ತು. ಹುಡುಗಿಯ ಅಜ್ಜಿಯೇ ಬರುತ್ತಾಳಂತೆ. ಮಜ್ಜಿಗೆ ಮುಟ್ಟುವುದಿಲ್ಲ, ಮೊದಲು ಬಾವಿ ನೀರು ಎಂದು ಹೇಳಿ ಕಳಿಸಿದ್ದಾಳಂತೆ.

"ನಮಗ ಮ್ಯಾಲಿನ ಒಂದು ಮೊಳ ಸಾಕ್ರಿ" ಎಂದ ಕಾಕಾ. "ಕೆಳಗಿಂದು ಯಾರಿಗೆ ಬೇಕಾಗೇತಿ?"

"ಬ್ಯಾಡ ಕಾಕಾ" ಎಂದರು ಮಾಸ್ತರರು.

"ನೀ ಸುಮ್ಮನಿರಲೇ. ಹಿಂಗ ಬ್ಯಾಡ ಬ್ಯಾಡ ಅಂತನ ನಿನ್ನ ತಲಿ ನರೀತು."

"ಆಕಿ ಬಂದ ಮ್ಯಾಲ ಏನ್ ಮಾಡವ್ರು?" ಎಂದರು ಅವ್ವ. "ದಿನಾ ಬಾವಿಗೆ ಕೆರಿ ಸುರುವವ್ರೇನು?"

"ಲಗ್ನದ ಅಕ್ಕಿಕಾಳು ಬಿದ್ದ ಮ್ಯಾಲ ಯಾರು ತಿರಿಗಿ ಹೋಗ್ಯಾರವಾ? ನೀ ಹೋದೇನು?"

ಇಲ್ಲಿ ನಾನು ಏನಾದರೂ ಹೇಳಬೇಕಿತ್ತು. ಕಥೆ ಹೇಳುವಾಗಲೆಲ್ಲ ನಾನು ಇಲ್ಲಿ ಒಂದು ಎಚ್ಚರಿಕೆಯ ಮಾತು ಆಡಿದಂತೆ ಸೇರಿಸುತ್ತ ಬಂದಿದ್ದೇನೆ. ಆಡಿರಲಿಲ್ಲ. ನಾನು ಆಗ ಬಾವಿಯ ಅಗಲ ಕೇಳಿದೆ.

ಮೊದಲ ಪ್ರಯತ್ನ ಕಾಕಾನದೇ. ನಸುಕಿನಲ್ಲಿ ಕೆರೆಗೆ ಚಕ್ಕಡಿ ಹೂಡಿ, ಡ್ರಮ್ಮುಗಳಲ್ಲಿ ನೀರು ತುಂಬಿ ತಂದು, ಹಿತ್ತಲ ಬಾವಿಯ ದಂಡೆಗೆ ಡ್ರಮ್ಮು ಒರಗಿಸಿ ಧಡಲ್ ಎಂದು ಕೆಡವಿದ. ಆ ಸದ್ದಿಗೆ ಪಾರಿವಾಳ ಹಾರಿದವು. ನಾನು ಎದ್ದು ಬರುವಷ್ಟರಲ್ಲಿ ಎಲ್ಲ ಡ್ರಮ್ಮು ಬರಿದು. ಅವ್ವ ಮೇಲಿನ ನೀರು ಸೇದಿ ಬಾಯಿಗೆ ಹಾಕಿ, "ಮೊದಲಿನಕಿಂತ ಸವಳು ಆಗೇತಿ" ಎಂದರು. ಅದು ಸಾಧ್ಯವಿರಲಿಲ್ಲ, ಆದರೆ ಅವರ ಮುಖ ಹಾಗಿತ್ತು.

ನಾನು ಥರ್ಮಾಮೀಟರು ತಂದೆ. ಬಾವಿಯ ನೀರು ಬೆಚ್ಚಗಿತ್ತು, ಚಳಿಗಾಲದ ನಸುಕಿನಲ್ಲಿ ಬಾವಿಗಳು ಇರುವಂತೆ. ಡ್ರಮ್ಮಿನ ತಳದಲ್ಲಿ ಉಳಿದ ಕೆರೆಯ ನೀರು ಮಂಜಿನಂತೆ. ತಪ್ಪು ಎರಡಾಗಿತ್ತು. ಎತ್ತರದಿಂದ ಸುರಿದು ಕದಡಿದ್ದು ಒಂದು. ಇನ್ನೊಂದು ನನ್ನ ಸಮುದ್ರದ್ದು: ಸವಳು ನೀರಿಗೆ ಉಪ್ಪಿನ ಭಾರ, ಕೆರೆಯ ನೀರಿಗೆ ತಂಪಿನ ಭಾರ, ಎರಡೂ ಹತ್ತಿರ ಹತ್ತಿರ ಸಮವಾಗಿ, ಯಾರು ಮೇಲೆ ಯಾರು ಕೆಳಗೆ ಎಂದು ತೀರ್ಮಾನವಾಗದೆ ಬೆರೆತುಬಿಟ್ಟಿದ್ದವು. ಇದನ್ನು ನಾನು ಅತ್ಯಂತ ಸಂತೋಷದಿಂದ ವಿವರಿಸಿದೆ.

"ಅಂದ್ರ ಕೆರಿ ನೀರು ಕಾಸಬೇಕೇನ್ರಿ?" ಎಂದ ಕಾಕಾ. ಅವನು ಊರಿನ ಒಲೆಗಳನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದಂತೆ ಕಂಡಿತು.

"ಬಿಸಿಲಿಗೆ ಇಡೋಣ."

ಅಂದಿನಿಂದ ಹಿತ್ತಲು ನನ್ನ ಹಡಗಾಯಿತು. ಬೆರೆತ ನೀರನ್ನು ದಿನವಿಡೀ ಸೇದಿ ಹೊರಹಾಕಿ, ಬಾವಿ ತನ್ನ ಸವಳು ತಾನು ತುಂಬಿಕೊಳ್ಳಲು ಬಿಟ್ಟೆವು. ಮಾಸ್ತರರು ಶಾಲೆ ಬಿಟ್ಟೊಡನೆ ಬೇಡ ಎನ್ನುತ್ತಲೇ ಚಕ್ಕಡಿ ಹೊಡೆದುಕೊಂಡು ಕೆರೆಗೆ ಹೋಗುತ್ತಿದ್ದರು. ಡ್ರಮ್ಮುಗಳನ್ನು ಬಿಸಿಲಿಗೆ ಸಾಲಾಗಿ ನಿಲ್ಲಿಸಿ ನಾನು ಗಳಿಗೆಗೊಮ್ಮೆ ಥರ್ಮಾಮೀಟರು ಅದ್ದುತ್ತಿದ್ದೆ. ಕಾಕಾ ನನ್ನ ಹಿಂದೆ ಬಂದು, ಕೈ ಅದ್ದಿ, "ಬಾಣಂತಿ ನೀರು ಆಗೇತಿ" ಎಂದು ತೀರ್ಪು ಕೊಡುತ್ತಿದ್ದ. ಸುರಿಯಲು ಜೋಳದ ದಂಟಿನ ಒಂದು ತಟ್ಟಿ ಹೆಣೆಸಿದೆವು. ಅದನ್ನು ಹಗ್ಗದಿಂದ ಬಾವಿಯೊಳಗೆ ಇಳಿಸಿ ನೀರಿನ ಮೇಲೆ ತೇಲಿಬಿಟ್ಟು, ನಳಿಗೆಯ ತುದಿಯನ್ನು ತಟ್ಟಿಯ ಮೇಲೆ ಇರಿಸಿದೆವು. ಡ್ರಮ್ಮಿನ ಬಿಸಿನೀರು ತಟ್ಟಿಯ ಮೇಲೆ ಬಿದ್ದು, ದಂಟಿನ ಸಂದಿಗಳಿಂದ ಸದ್ದಿಲ್ಲದೆ ಸುತ್ತ ಹರಡಬೇಕು. ನಳಿಗೆ ತೆಳು, ಡ್ರಮ್ಮುಗಳು ಬಹಳ. ಕಾಕಾ ಬಾವಿ ಕಟ್ಟೆಗೆ ಕೂತು ನಿದ್ದೆ ಹೋದ. ನೀರು ಹರಿಯುತ್ತಲೇ ಇತ್ತು.

ಪರೀಕ್ಷೆಗೆ ಒಂದು ಬಾಟಲಿ: ತಳಕ್ಕೆ ಕಲ್ಲು ಕಟ್ಟಿ, ಬೂಚಿಗೆ ಬೇರೆ ದಾರ ಕಟ್ಟಿದ್ದು. ಬೇಕಾದ ಆಳಕ್ಕೆ ಇಳಿಸಿ ದಾರ ಜಗ್ಗಿದರೆ ಬೂಚು ಕಿತ್ತು ಅಲ್ಲಿಯ ನೀರೇ ತುಂಬುತ್ತದೆ. ಹಡಗಿನವರು ಸಮುದ್ರದ ಆಳದ ನೀರು ತೆಗೆಯುವುದೂ, ಉಪಕರಣ ದೊಡ್ಡದೆಂಬುದು ಬಿಟ್ಟರೆ, ಇದೇ ರೀತಿ. ಅವರಲ್ಲಿ ಉಪ್ಪು ಅಳೆಯುವ ಯಂತ್ರವಿರುತ್ತದೆ. ನಮ್ಮಲ್ಲಿ ಅವ್ವನ ನಾಲಿಗೆ ಇತ್ತು.

ಮೇಲಿನ ಬಾಟಲಿ: "ಕೆರಿ ನೀರ ಐತಿ."

ಒಂದು ಗೇಣು ಕೆಳಗೆ: "ಇದೂ ಕೆರಿ."

ಒಂದು ಮೊಳ ದಾಟಿ: "ಥೂ."

ನಾನು ಬಾವಿ ಕಟ್ಟೆಯ ಮೇಲೆ ಕುಣಿದೆ ಎಂದು ಕಾಕಾ ನಂತರ ಹೇಳುತ್ತಿದ್ದ. ನನಗೆ ನೆನಪಿಲ್ಲ. ಕುಣಿದಿರಬಹುದು.

ಆ ಸಂಜೆ ಮಾಸ್ತರರು ನನ್ನ ಬಾಜು ಬಂದು ನಿಂತರು. "ಸರ್, ಈ ನೀರು ಎಷ್ಟು ದಿನ ನಿಲ್ತದ್ರಿ?"

"ಯಾರೂ ಕೊಡ ಮುಳುಗಿಸದಿದ್ದರೆ ಬಹಳ ದಿನ."

"ಮನಿ ಅಂದ ಮ್ಯಾಲ ಕೊಡ ಮುಳಗಸ್ತಾರಲ್ರಿ" ಎಂದು ಹೇಳಿ ಅವರು ಒಳಗೆ ಹೋದರು. ಆ ಮಾತು ನನ್ನ ಕುಣಿತವನ್ನು ಸ್ವಲ್ಪ ಕೆಡಿಸಿತು. ಪೂರ್ತಿ ಕೆಡಿಸಲಿಲ್ಲ.

ಅಜ್ಜಿ ಬಂದಳು. ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ರಸ್ತೆಯಿಂದ ಕಾಕಾನ ಚಕ್ಕಡಿ. ಜೊತೆಗೆ ಹುಡುಗಿಯ ಅಪ್ಪ, ತಾಯಿಯ ಎದುರು ಬಾಯಿಬಿಡದ ಮನುಷ್ಯ, ಮತ್ತು ನಾಲ್ಕಾರು ಬಂಧುಗಳು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ರೂಢಿ ತಪ್ಪದ ಯಾರೋ ಮಜ್ಜಿಗೆಯ ತಂಬಿಗೆ ತಂದರು. ಅಜ್ಜಿ ಕೂಡದೆಯೇ ಹೇಳಿದಳು:

"ಮಜ್ಜಿಗಿ ಹಿಂದಾಗಡೆ. ಬಾವಿ ಎಲ್ಲೈತಿ?"

ಹಿತ್ತಲಿಗೆ ಮೆರವಣಿಗೆ ಹೊರಟಿತು. ಕಾಕಾ ತಾನೇ ಬಕೀಟು ಇಳಿಸಿದ, ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಂತೆ. ಮೇಲಿನ ನೀರು ಸೇದಿ ತಂಬಿಗೆಗೆ ಬಗ್ಗಿಸಿದ. ಅಜ್ಜಿ ಕುಡಿದಳು. ಬಾಯಲ್ಲಿ ತಿರುಗಿಸಿ ನುಂಗಿದಳು. ಮತ್ತೆ ಕುಡಿದಳು.

"ಸೀ ಐತಿ" ಎಂದಳು. "ಸ್ವಲ್ಪ ಉಗುರುಬೆಚ್ಚಗ ಐತಿ. ಆದ್ರ ಸೀ ಐತಿ."

ಹುಡುಗಿಯ ಅಪ್ಪ ಮೊದಲ ಸಲ ನಕ್ಕ. ಕಾಕಾನ ಮೀಸೆ ಮೇಲೆದ್ದಿತು. ಅಲ್ಲಿಗೆ ಎಲ್ಲರನ್ನೂ ಪಡಸಾಲೆಗೆ ಕರೆದೊಯ್ದಿದ್ದರೆ ಮುಗಿಯುತ್ತಿತ್ತು. ಆದರೆ ಅಜ್ಜಿಗೆ ನೀರು ಇಷ್ಟವಾಗಿತ್ತು. "ದಾರಿ ತುಂಬ ಧೂಳು. ಎಲ್ಲಾರೂ ಕಾಲು ಮಾರಿ ತೊಳಕೋರಿ. ಇಷ್ಟು ಚಲೋ ನೀರು" ಎಂದಳು. ಬಂಧುಗಳು ಹಗ್ಗ ಹಿಡಿದರು. ಬಕೀಟು ಬಾವಿಗೆ ಬಿತ್ತು, ಧಡಕ್.

ಎಷ್ಟು ಬಿಸಿಲು, ಎಷ್ಟು ಡ್ರಮ್ಮು, ತಟ್ಟಿ, ನಳಿಗೆ! "ಮೆಲ್ಲಗೆ ಬಿಡ್ರಿ!" ಎಂದೆ. ಇನ್ನೊಂದು ಧಡಕ್. "ಸಾವಕಾಶ! ಓರೆ ಮಾಡಿ ಇಳಿಸ್ರಿ!" ಮತ್ತೊಂದು. ನಾನು ಹೋಗಿ ಹಗ್ಗವನ್ನೇ ಹಿಡಿದುಕೊಂಡೆ.

ಅಜ್ಜಿ ನನ್ನತ್ತ ತಿರುಗಿದಳು. "ಈಂವ ಯಾರು? ಬಕೀಟ ಬಿದ್ರ ಇವಗ್ಯಾಕ ನೋವಾಗತೈತಿ?"

"ಅವರು ಸಮುದ್ರದ ಸಾಹೇಬ್ರು" ಎಂದ ಕಾಕಾ.

"ಸಮುದ್ರದ ಸಾಹೇಬ್ರು ನಿಮ್ಮ ಹಿತ್ತಲದಾಗ ಏನ್ ಮಾಡಾಕತ್ತಾರ?"

ಅಜ್ಜಿ ಕಟ್ಟೆಗೆ ಕೈಯೂರಿ ಬಾವಿಯೊಳಗೆ ಬಗ್ಗಿ ನೋಡಿದಳು. ತಟ್ಟಿ ಎಳೆದುಹಾಕಿದ್ದೆವು, ಆದರೆ ಕಳಚಿದ ದಂಟು ನಾಲ್ಕಾರು ತೇಲುತ್ತಿದ್ದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೇಳಿದಳು:

"ಸಾಹೇಬ್ರ, ಕೆಳಗ ಏನೈತಿ?"

ಕಾಕಾ ಅವಳ ಬೆನ್ನ ಹಿಂದೆ ನಿಂತು ಎರಡೂ ಕೈ ಜೋಡಿಸಿದ. ಅವ್ವ ಸೆರಗು ಬಾಯಿಗೆ ಹಿಡಿದಿದ್ದರು. ಮಾಸ್ತರರು ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದರು; ಆ ನೋಟದಲ್ಲಿ ಹೇಳು ಎಂದಿತ್ತೋ, ಹೇಳಬೇಡ ಎಂದಿತ್ತೋ, ನಾನು ಎರಡನ್ನೂ ಬೇರೆ ಬೇರೆ ಸಲ ನೆನಪಿಸಿಕೊಂಡಿದ್ದೇನೆ. ಸತ್ಯಕ್ಕಾಗಿ ಹೇಳಿದೆ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಊರೂರು ಸುತ್ತಿ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಕೆಳಗೆ ಏನಿದೆ? ಅದನ್ನು ಕೇಳಿದವಳಿಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

ನಾನು ಬಾಟಲಿ ತಂದೆ. ಮೊದಲು ಮೇಲಿನ ನೀರು ತೆಗೆದು ಅವಳ ಕೈಗೆ ಕೊಟ್ಟೆ. ಆಮೇಲೆ ಹಗ್ಗ ಬಿಡುತ್ತ ಹೋಗಿ, ಆಳದಲ್ಲಿ ದಾರ ಜಗ್ಗಿ, ಎಳೆದುಕೊಂಡು, ಅದನ್ನೂ ಕೊಟ್ಟೆ. ಅವಳು ಕುಡಿದು, ಪಕ್ಕಕ್ಕೆ ಉಗುಳಿದಳು.

ಹುಡುಗಿಯ ಅಪ್ಪ ತಲೆಯ ರುಮಾಲು ಸರಿಮಾಡಿಕೊಂಡ. ಹೊರಡುವವರು ಮಾಡುವಂತೆ. ಕಾಕಾ, "ಅದೇನಾತಂದ್ರ..." ಎಂದು ಶುರುಮಾಡಿ ಅಲ್ಲಿಯೇ ನಿಂತ. ನಾನು ಮಾತಾಡತೊಡಗಿದೆ. ಸವಳು ಯಾಕೆ ಭಾರ, ಕೆರೆಯ ನೀರನ್ನು ಯಾಕೆ ಬಿಸಿಲಿಗಿಟ್ಟೆವು, ಅರಬ್ಬೀ ಸಮುದ್ರದ ಉತ್ತರದಲ್ಲಿ ಚಳಿಗಾಲದ ಗಾಳಿ ಏನು ಮಾಡುತ್ತದೆ, ಎಲ್ಲವನ್ನೂ. ಅಜ್ಜಿ ಕೈ ಎತ್ತಿದಳು.

"ತಡೀರಿ. ಸಮುದ್ರ ಅಲ್ಲೇ ಇರಲಿ. ಈ ನೀರ ಕೆರಿಂದ ತಂದವ್ರು ಯಾರು?"

"ನಾನ್ರಿ" ಎಂದರು ಮಾಸ್ತರರು. "ಕಾಕಾ ಒಂದು ಸಲ, ಉಳಿದದ್ದೆಲ್ಲ ನಾನು. ತಪ್ಪಾಗೇದ್ರಿ ಅಜ್ಜಿ. ಬಾವಿ ಸವಳೇ ಐತಿ. ಕೆರಿ ದೂರ ಐತಿ. ಇದ್ದದ್ದು ಇಷ್ಟು."

"ಹೆಂಗಸರು ಯಾರೂ ಹೊರಲಿಲ್ಲ?"

"ಇಲ್ರಿ."

ಅಜ್ಜಿ ತನ್ನ ಮಗನ ಕಡೆ ತಿರುಗಿದಳು. "ಕೇಳಿದೇನು? ನಮ್ಮ ಮನಿ ಬಾಗಲಾಗ ಬಾವಿ. ಬಗ್ಗಿದ್ರ ಕೈಗೆ ನೀರು. ಹುಟ್ಟಿದಾಗಿಂದ ಒಂದು ತಂಬಿಗಿ ಸೇದಿ ಕುಡದೀಯೇನು ನೀ? ನಿಮ್ಮಪ್ಪ ಸೇದಿದ್ನೇನು? ಇಲ್ಲಿ ನೋಡು, ಗಂಡಸರು ಕೆರಿ ಹೊತ್ತುಕೊಂಡು ಬಂದು ಬಾವಿಗೆ ಹಾಸ್ಯಾರ."

ಮಗ ರುಮಾಲು ಮುಟ್ಟುವುದನ್ನು ಬಿಟ್ಟ.

"ಹುಡುಗಿ ಕೊಡ್ತೀನಿ" ಎಂದಳು ಅಜ್ಜಿ. "ಒಂದು ಮಾತು. ಕುಡಿಯೂ ನೀರು ಈ ಹುಡುಗನೇ ತರಬೇಕು. ದಿನಾ. ಆಕಿ ತಲಿ ಮ್ಯಾಲ ಕೆರಿ ಕೊಡ ಕೂಡಬಾರದು."

ಕಾಕಾನಿಗೆ ಈಗ ದನಿ ಬಂತು. "ಅಜ್ಜಿ, ಬ್ಯಾರೆ ಏನರ ಕೇಳ್ರಿ. ಗಂಡಸು, ಅದೂ ಮಾಸ್ತರ, ಹೆಗಲ ಮ್ಯಾಲ ಕೊಡ ಇಟಗೊಂಡು ಓಣ್ಯಾಗ ಬಂದ್ರ ಊರು ನಗತೈತ್ರಿ."

"ಚಕ್ಕಡಿಗಟ್ಟಲೆ ನೀರ ತಂದು ಬಾವಿಗೆ ಸುರುವಿದಾಗ ಊರು ನಗಲಿಲ್ಲೇನು?"

ಅವ್ವನಿಗೆ ತಡೆಯಲಾಗಲಿಲ್ಲ, ಸೆರಗಿನೊಳಗೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಬಾವಿಯ ಕಡೆ ನೋಡುತ್ತ ನಿಂತರು. ಎಷ್ಟು ವರ್ಷ ಅವರು ಆ ದಾರಿ ನಡೆದಿದ್ದರೋ, ಅದನ್ನು ಯಾರೂ ಲೆಕ್ಕ ಕೇಳಿರಲಿಲ್ಲ.

"ತರ್ತೀನ್ರಿ" ಎಂದರು ಮಾಸ್ತರರು.

"ಬಾಯಿಮಾತು ಬ್ಯಾಡ. ಈಗ ಹೋಗಿ ಒಂದು ಕೊಡ ತಾ. ಚಕ್ಕಡಿ ಬ್ಯಾಡ."

ಮಾಸ್ತರರು ಒಳಗೆ ಹೋಗಿ ಅವ್ವನ ತಾಮ್ರದ ಕೊಡ ತಂದರು. ಅದನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕಂಠ ಹಿಡಿದು, ಶಾಲೆಯ ಗಂಟೆಯಂತೆ ತೂಗಾಡಿಸುತ್ತ ಹೊರಟರು. "ಲೇ, ಬುಡಕ್ಕ ಕೈ ಕೊಡೋ" ಎಂದು ಅವ್ವ ಕೂಗಿದರು. ಓಣಿಯಲ್ಲಿ ಒಂದು ಮನೆಯ ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. "ಏನ್ ಮಾಸ್ತರ, ಸಾಲಿಗೆ ಕೊಡ ಒಯ್ಯಾಕತ್ತೀರೇನು?" ಎಂಬ ದನಿ ನಮ್ಮವರೆಗೆ ಕೇಳಿತು. ಕಾಕಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಕಾಯುವಾಗ ಅಜ್ಜಿ ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕುಡಿದಳು. ಚಲೋ ಐತಿ ಎಂದಳು. ನಾನು ಅವಳೆದುರು ಕೂತು, ಬಿಟ್ಟಲ್ಲಿಂದ ಮುಂದುವರಿಸಿದೆ. ಇಳಿದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ, ಚಳಿ ಕಡಿಮೆಯಾದ ವರ್ಷ ಏನಾಗುತ್ತದೆ, ಕೆಂಪು ಸಮುದ್ರದ ನೀರು ಇನ್ನೂ ಉಪ್ಪಾಗಿ, ಇನ್ನೂ ಆಳಕ್ಕೆ ಇಳಿದು ನಮ್ಮ ಕಡೆಗೆ ಹೇಗೆ ಬರುತ್ತದೆ. ಅವಳು ಹೂಂಗುಟ್ಟುತ್ತಿದ್ದಳು. ಒಮ್ಮೆ, "ಅಲ್ಲೆ ಹೆಣ್ಣು ಕೊಡತಾರೇನು?" ಎಂದು ಕೇಳಿದಳು. ಕೊಡುತ್ತಾರೆ ಎಂದೆ. ಪಡಸಾಲೆಯ ಒಬ್ಬ ಬಂಧು ಗೋಡೆಗೊರಗಿ ನಿದ್ದೆ ಹೋಗಿದ್ದ. ನನ್ನ ಉಪನ್ಯಾಸ ಮೊದಲಿನಿಂದ ಕೊನೆಯವರೆಗೆ ನಡೆದದ್ದು ಆ ಒಂದು ಸಲ.

ಮಾಸ್ತರರು ಬಂದಾಗ ಬಿಸಿಲು ಅಂಗಳದಿಂದ ಗೋಡೆ ಹತ್ತಿತ್ತು. ಕೊಡ ಹೆಗಲ ಮೇಲಿತ್ತು. ಅಂಗಿಯ ಒಂದು ಬದಿ ಪೂರ್ತಿ ತೊಯ್ದು ಮೈಗೆ ಅಂಟಿತ್ತು, ಒಂದು ಚಪ್ಪಲಿ ಇರಲಿಲ್ಲ. ಹಿಂದೆ ಅರ್ಧ ಓಣಿ ಇತ್ತು. ಯಾರೂ ನಗುತ್ತಿರಲಿಲ್ಲ, ಅಥವಾ ನಕ್ಕು ಮುಗಿದಿತ್ತು. ಅವ್ವ ಕೊಡ ಇಳಿಸಿಕೊಂಡು ಒಳಗೆ ನೋಡಿ, "ಅರ್ಧ ಕೊಡ ದಾರಿಗೆ ಕುಡಿಸ್ಯಾನ" ಎಂದರು.

ಅಜ್ಜಿ ತಂಬಿಗೆ ಅದ್ದಿ ಕುಡಿದಳು. ಆಗ ಅವಳು ಏನೋ ಹೇಳಿದಳು. ನೀರು ಸ್ವಲ್ಪ ಉಪ್ಪಾಗಿದೆ, ಹುಡುಗನ ಬೆವರು ಬಿದ್ದಿರಬೇಕು, ಈ ಉಪ್ಪು ನಡೆಯುತ್ತದೆ ಎಂದಳೆಂದು ಕಾಕಾ ಮದುವೆಯ ಮನೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಮಾತು ಬಹಳ ಚೆನ್ನಾಗಿದೆ, ಅದಕ್ಕೇ ನಾನು ನಂಬುವುದಿಲ್ಲ. ಕಾಕಾ ಹುಬ್ಬಳ್ಳಿಯ ಸಂತೆಯಲ್ಲಿ ಬಾವಿಯನ್ನು ಸಿಹಿ ಮಾಡಿದ ಮನುಷ್ಯ.

ನನಗೆ ಕೇಳಿಸಿದ್ದು ಇಷ್ಟೇ. "ಎಲಿ ಅಡಕಿ ತರ್ರಿ" ಎಂದಳು ಅಜ್ಜಿ, ಅವ್ವನಿಗೆ. ಮಾಸ್ತರರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಅವಳು ತಂಬಿಗೆಯನ್ನು ಮತ್ತೆ ಕೊಡದೊಳಗೆ ಅದ್ದಿ ತುಂಬಿಸಿ ನನ್ನ ಕಡೆಗೆ ಚಾಚಿದಳು.

"ತಗೋರಿ, ನೀವೂ ಕುಡೀರಿ" ಎಂದಳು. "ಬಂದಾಗಿಂದ ಒಂದೇ ಸವನೆ ಮಾತಾಡಾಕತ್ತೀರಿ."